‘ಎ ಕೋರ್ಟ್ ಆಫ್ ಮಿಸ್ಟ್ ಆ್ಯಂಡ್ ಫ್ಯೂರಿ’: ಎರಡನೇ ಭಾಗ ಕೈಗೆತ್ತಿಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಲೇಖಕಿ ಸಾರಾ ಜೆ. ಮಾಸ್ ಅವರ ಈ ಮಾಯಾಲೋಕದ ಪ್ರೇಮಕಾದಂಬರಿ ಸರಣಿಯ ಮೊದಲ ಭಾಗ ‘ಎ ಕೋರ್ಟ್ ಆಫ್ ಥಾರ್ನ್ಸ್ ಆ್ಯಂಡ್ ರೋಸಸ್’ 2015ರ ಮೇ ತಿಂಗಳಲ್ಲಿ ಬಂತು. ಒಂದು ವರ್ಷ ಕಳೆದು 2016ರ ಮೇ ತಿಂಗಳಲ್ಲಿ ಎರಡನೆಯದು. ಮೊದಲನೆಯದನ್ನು ಮುಗಿಸಿದವರು, ಅರ್ಧಕ್ಕೆ ಬಿಟ್ಟವರು, ಮಗಳ ದಿಂಬಿನ ಪಕ್ಕ ಈ ಪುಸ್ತಕ ಕಂಡು ಗಾಬರಿಯಾದವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಮಾತಿನಲ್ಲಿ, ಪತ್ರದಲ್ಲಿ, ಕಾಮೆಂಟಿನಲ್ಲಿ ಬಂದವನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲ ಗುಂಪಿನಲ್ಲಿ ಎರಡನೇ ಭಾಗದ ಗುಟ್ಟು ಬಿಟ್ಟುಕೊಟ್ಟಿಲ್ಲ. ಎರಡನೇ ಗುಂಪಿನಿಂದ ಕಥೆ ಬಯಲಾಗುತ್ತದೆ. ಓದಿಲ್ಲದವರು ಅಲ್ಲಿಗೆ ನಿಲ್ಲಿಸುವುದು ಒಳ್ಳೆಯದು.

## ಶುರು ಮಾಡುವ ಮುಂಚೆ

ಎಲ್ಲರೂ ಎರಡನೇದೇ ಚೆನ್ನಾಗಿದೆ ಅಂತಾರೆ. ಮೊದಲನೇದು ಬಿಟ್ಟು ಸೀದಾ ಇದಕ್ಕೇ ಬರಬಹುದಾ?

ಬೇಡ. ಕಥೆ ಅರ್ಥವಾಗುತ್ತದೆ, ಆದರೆ ಮಜಾ ಹೋಗುತ್ತದೆ. ಮೊದಲನೇ ಭಾಗದಲ್ಲಿ ನೀವು ನಂಬಿದ್ದನ್ನು ಒಂದೊಂದಾಗಿ ಬಿಚ್ಚಿಹಾಕುವುದೇ ಎರಡನೇ ಭಾಗದ ಕೆಲಸ. ನಂಬಿಯೇ ಇಲ್ಲದವರ ಹತ್ತಿರ ಬಿಚ್ಚೋಕೆ ಏನಿದೆ? ಮೊದಲನೆಯದರಲ್ಲಿ ಒಂದು ಪ್ರೀತಿ ಹುಟ್ಟುತ್ತದೆ, ಕಷ್ಟಕ್ಕೆ ಸಿಕ್ಕುತ್ತದೆ, ಗೆಲ್ಲುತ್ತದೆ, ‘ಶುಭಂ’ ಬೀಳುತ್ತದೆ. ಆ ಶುಭಂ ಕಂಡು ನೀವೂ ಸ್ವಲ್ಪ ಖುಷಿಪಟ್ಟಿರಬೇಕು. ಕನಿಷ್ಠ ‘ಸರಿ, ಒಳ್ಳೇದಾಯ್ತು’ ಅಂದಿರಬೇಕು. ನಾನೂರು ಚಿಲ್ಲರೆ ಪುಟ ಅಷ್ಟೇ, ಓದಿಬಿಡಿ.

ಮೊದಲನೇದು ನಂಗೆ ಅಷ್ಟಕ್ಕಷ್ಟೆ ಅನ್ನಿಸ್ತು. ಆದ್ರೂ ಮುಂದುವರಿಸ್ಬೇಕಾ?

ಯಾವ ಭಾಗ ಅಷ್ಟಕ್ಕಷ್ಟೆ ಅನ್ನುವುದರ ಮೇಲೆ ಹೋಗುತ್ತದೆ. ವಸಂತದ ಅರಮನೆಯಲ್ಲಿ ಹೂವು, ಊಟ, ತಿರುಗಾಟ ಅಂತ ಕಥೆ ಎಳೆದಾಡುತ್ತಿದ್ದಾಗ ಬೇಜಾರಾಗಿದ್ದರೆ ಅದು ಸಹಜ. ನನಗೂ ಆಗಿತ್ತು. ಆದರೆ ಬೆಟ್ಟದ ಕೆಳಗಿನ ಕೊನೆಯ ಭಾಗ, ಆ ಮೂರು ಪರೀಕ್ಷೆಗಳು, ಅವೂ ಹಿಡಿಸಲಿಲ್ಲ ಅಂದರೆ ಎರಡನೆಯದನ್ನು ಬಿಡಬಹುದು. ಯಾಕೆಂದರೆ ಅದು ಬೆಳೆಯುವುದೇ ಆ ಪುಟಗಳಿಂದ. ನಾಯಕನೇ ಸಪ್ಪೆ ಅನ್ನಿಸಿದ್ದರೆ ಮಾತ್ರ ಖಂಡಿತ ಮುಂದುವರಿಸಿ. ಕಾರಣ ಇಲ್ಲಿ ಹೇಳುವ ಹಾಗಿಲ್ಲ.

ಮೊದಲನೇ ಭಾಗ ಓದಿ ತುಂಬಾ ದಿನ ಆಯ್ತು, ಎಲ್ಲಾ ಮರೆತುಹೋಗಿದೆ. ಏನೇನು ನೆನಪಿರ್ಬೇಕು?

ಫೇರಾ ಬಡತನದಲ್ಲಿ ಬೇಟೆಯಾಡಿ ಅಕ್ಕಂದಿರನ್ನೂ ಅಪ್ಪನನ್ನೂ ಸಾಕುತ್ತಿದ್ದ ಹತ್ತೊಂಬತ್ತರ ಹುಡುಗಿ. ಕಾಡಿನಲ್ಲಿ ಒಂದು ತೋಳವನ್ನು ಕೊಂದಳು. ಅದು ತೋಳವಲ್ಲ, ಮಾಯಾಲೋಕದವನು. ಆ ಸಾವಿನ ಲೆಕ್ಕ ಚುಕ್ತಾ ಮಾಡಲು ವಸಂತದ ರಾಜ್ಯದ ದೊರೆ ಟ್ಯಾಮ್ಲಿನ್ ಅವಳನ್ನು ಗೋಡೆಯಾಚೆಯ ಮಾಯಾಲೋಕ ಪ್ರಿಥಿಯನ್‌ಗೆ ಕರೆದುಕೊಂಡು ಹೋದ. ಪ್ರೀತಿಯಾಯಿತು. ಅಮರಾಂತಾ ಎಂಬ ಕ್ರೂರಿಯ ಶಾಪ ಬಿಡಿಸಲು ಫೇರಾ ಬೆಟ್ಟದ ಕೆಳಗಿನ ಅವಳ ಆಸ್ಥಾನದಲ್ಲಿ ಮೂರು ಪರೀಕ್ಷೆಗೆ ನಿಂತಳು.

ಇಷ್ಟು ಎಲ್ಲರಿಗೂ ನೆನಪಿರುತ್ತದೆ. ಮರೆತುಹೋಗುವ ನಾಲ್ಕು ಸಂಗತಿಗಳೇ ಮುಖ್ಯ. ಒಂದು, ಅವಳಿಗೆ ಓದಲು ಬರುವುದಿಲ್ಲ. ಎರಡು, ಮೂರನೇ ಪರೀಕ್ಷೆಯಲ್ಲಿ ತಪ್ಪೇ ಮಾಡದ ಇಬ್ಬರನ್ನು ತನ್ನ ಕೈಯಾರೆ ಕೊಂದಳು. ಮೂರು, ಜೈಲಿನಲ್ಲಿ ಮುರಿದ ಕೈ ಗುಣಪಡಿಸಿದ್ದಕ್ಕೆ ಬದಲಾಗಿ, ತಿಂಗಳಿಗೆ ಒಂದು ವಾರ ರೀಸ್ಯಾಂಡ್‌ನ ರಾತ್ರಿಯ ರಾಜ್ಯದಲ್ಲಿ ಇರುತ್ತೇನೆ ಅಂತ ಮಾತು ಕೊಟ್ಟಳು. ಎಡಗೈಯ ಹಚ್ಚೆ ಆ ಒಪ್ಪಂದದ ಗುರುತು. ನಾಲ್ಕು, ಅವಳು ಸತ್ತು, ಪ್ರಿಥಿಯನ್‌ನ ಏಳು ರಾಜ್ಯಗಳ ದೊರೆಗಳಾದ ಹೈ ಲಾರ್ಡ್‌ಗಳ ಶಕ್ತಿಯ ಚೂರಿನಿಂದ ಮತ್ತೆ ಬದುಕಿದವಳು. ಈಗ ಮನುಷ್ಯಳಲ್ಲ. ಈ ನಾಲ್ಕು ಗೊತ್ತಿದ್ದರೆ ಪೂರ್ತಿ ಮರುಓದು ಬೇಕಾಗಿಲ್ಲ.

ಇಂಗ್ಲಿಷ್ ಕಷ್ಟ ಇದೆಯಾ? ಹೆಸರುಗಳನ್ನೇ ಓದೋಕಾಗ್ತಿಲ್ಲ.

ವಾಕ್ಯ ಚಿಕ್ಕವು, ಭಾಷೆ ಸಲೀಸು. ಕಾಲೇಜಿನ ಇಂಗ್ಲಿಷ್ ಇದ್ದರೆ ಸಾಕು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಳ್ಳುವ ಅಗತ್ಯ ಅಪರೂಪ. ಹೆಸರುಗಳ ವಿಷಯಕ್ಕೆ ಬಂದರೆ: ಫೇರಾ, ರೀಸ್ಯಾಂಡ್ (ಮುದ್ದಿಗೆ ರೀಸ್), ಲೂಶಿಯೆನ್, ಕ್ಯಾಸಿಯನ್, ಆಜ್ರಿಯೆಲ್. ‘ರೈಸ್’ ಅಂದುಕೊಂಡು ಆರುನೂರು ಪುಟ ಓದಿದವರಿದ್ದಾರೆ, ಕಥೆಗೇನೂ ತೊಂದರೆಯಾಗಿಲ್ಲ.

ನನ್ನ ಮಗಳಿಗೆ ಹದಿನಾಲ್ಕು. ಅವಳ ಫ್ರೆಂಡ್ಸೆಲ್ಲ ಓದ್ತಿದಾರಂತೆ. ಕೊಡಬಹುದಾ ಮೇಡಂ?

ನನ್ನನ್ನು ಕೇಳಿದರೆ ಬೇಡ, ಇನ್ನೂ ಮೂರ್ನಾಲ್ಕು ವರ್ಷ ಕಳೆಯಲಿ. ಗೊಂದಲಕ್ಕೆ ಕಾರಣವೂ ಇದೆ. ಮೊದಲು ಬಂದಾಗ ಪ್ರಕಾಶಕರು ಈ ಸರಣಿಯನ್ನು ಹದಿಹರೆಯದವರ ಕಪಾಟಿನಲ್ಲೇ ಇಟ್ಟಿದ್ದರು. 2020ರಲ್ಲಿ ಹೊಸ ಮುಖಪುಟ ಹಾಕಿ ದೊಡ್ಡವರ ಕಪಾಟಿಗೆ ಸರಿಸಿದರು. ಎರಡನೇ ಭಾಗದಲ್ಲಿ ಮಂಚದ ದೃಶ್ಯಗಳು ಮುಚ್ಚುಮರೆ ಇಲ್ಲದೆ ಬರುತ್ತವೆ. ಹಿಂಸೆ, ಬಲಾತ್ಕಾರದ ನೆನಪುಗಳೂ ಇವೆ. ಅಮೆರಿಕದ ಯೂಟಾ ರಾಜ್ಯ 2024ರ ಆಗಸ್ಟ್‌ನಲ್ಲಿ ಎಲ್ಲ ಸರ್ಕಾರಿ ಶಾಲೆಗಳಿಂದ ಹದಿಮೂರು ಪುಸ್ತಕ ತೆಗೆಸಿತು. ಅದರಲ್ಲಿ ಆರು ಮಾಸ್ ಅವರದೇ, ಇದೂ ಒಂದು. ಹಾಗೆ ನಿಷೇಧ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಅಮ್ಮ ಮೊದಲು ಓದಿ, ಆಮೇಲೆ ಮಗಳ ಜೊತೆ ಕೂತು ಮಾತಾಡುವುದು ಬೇರೆ ವಿಷಯ. ಆಗಲೇ ಕದ್ದು ಓದಿ ಮುಗಿಸಿದ್ದರೆ ಬೈಯಬೇಡಿ. ಟ್ಯಾಮ್ಲಿನ್ ಮಾಡಿದ್ದು ಸರೀನಾ ಅಂತ ಕೇಳಿ ನೋಡಿ. ಒಳ್ಳೆಯ ಮಾತುಕತೆ ಆಗುತ್ತದೆ.

ಪುಸ್ತಕ ತಗೊಳ್ಳಲಾ, ಕಿಂಡಲ್ಲಾ, ಆಡಿಯೋನಾ?

ಮೊದಲ ಸಲ ಪುಸ್ತಕ. ಹಿಂದಕ್ಕೆ ತಿರುಗಿಸಿ ನೋಡಬೇಕಾದ ಸಂದರ್ಭ ಜಾಸ್ತಿ ಬರುತ್ತವೆ, ಭೂಪಟವೂ ಕೈಗೆ ಸಿಗುತ್ತದೆ. ಬೆಂಗಳೂರಿನವರಾದರೆ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್‌ನಂಥ ಅಂಗಡಿಗಳಲ್ಲಿ ಹಳೇ ಪ್ರತಿಗೂ ಕಣ್ಣಾಡಿಸಿ. ಫುಟ್‌ಪಾತಿನ ನಕಲಿ ಪ್ರತಿ ಮಾತ್ರ ಬೇಡ, ಐವತ್ನಾಲ್ಕನೇ ಅಧ್ಯಾಯದಲ್ಲಿ ಪುಟ ಕಾಣೆಯಾದರೆ ಯಾರನ್ನು ಕೇಳುತ್ತೀರಿ? ಮೆಟ್ರೋದಲ್ಲಿ ಓಡಾಡುವವರಿಗೆ ಎರಡನೇ ಸುತ್ತಿಗೆ ಆಡಿಯೋ ಚೆನ್ನ. ಮೊದಲ ಎರಡೂ ಭಾಗಗಳನ್ನು ಜೆನ್ನಿಫರ್ ಇಕೆಡಾ ಓದಿದ್ದಾರೆ. ಇಯರ್‌ಫೋನ್ ಸರಿಯಾಗಿ ಸಿಕ್ಕಿಸಿದೆಯಾ ಅಂತ ಎರಡು ಸಲ ನೋಡಿಕೊಳ್ಳಿ.

## ಓದುತ್ತಿರುವಾಗ (ಇಲ್ಲಿಂದ ಕಥೆ ಬಯಲು)

ನೂರು ಪುಟ ಆಗ್ತಾ ಬಂತು. ಗೆದ್ದು ಬಂದವಳು ಯಾಕೆ ಹೀಗೆ ಮಂಕಾಗಿ ಕೂತಿದ್ದಾಳೆ? ಕಥೆ ಯಾವಾಗ ಶುರುವಾಗುತ್ತೆ?

ಶುರುವಾಗಿಬಿಟ್ಟಿದೆ. ಮೊದಲ ಅಧ್ಯಾಯವನ್ನೇ ಇನ್ನೊಂದು ಸಲ ನೋಡಿ. ಬೆಟ್ಟದ ಕೆಳಗಿನ ನರಕ ಮುಗಿದು ಮೂರು ತಿಂಗಳಾಗಿದೆ. ಮದುವೆಗೆ ತಯಾರಿ ನಡೆದಿದೆ. ಫೇರಾ ನಡುರಾತ್ರಿ ಕೆಟ್ಟ ಕನಸಿನಿಂದ ಎದ್ದು ಬಚ್ಚಲಿಗೆ ಓಡಿ ವಾಂತಿ ಮಾಡುತ್ತಾಳೆ. ಟ್ಯಾಮ್ಲಿನ್ ಹಾಸಿಗೆಯಿಂದ ಏಳುವುದಿಲ್ಲ. ಅವನಿಗೂ ಕನಸುಗಳಿವೆ. ಅವನು ರಾತ್ರಿ ಮೃಗದ ರೂಪ ತಾಳಿ ಬಾಗಿಲು ಕಾಯುತ್ತಾನೆ. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಕತ್ತಿ ಕಾಳಗವಿಲ್ಲದಿದ್ದರೂ ಒಂದು ಸಂಬಂಧ ಹೇಗೆ ಹಳಸುತ್ತದೆ ಅನ್ನುವುದನ್ನು ಈ ಪುಟಗಳು ತೋರಿಸುತ್ತವೆ. ಚಿತ್ರ ಬರೆಯದೆ ಇರಲಾರದವಳು ಕುಂಚ ಮುಟ್ಟುವುದಿಲ್ಲ. ಬಟ್ಟೆ ಸಡಿಲವಾಗುತ್ತ ಹೋಗುತ್ತದೆ. ಮದುವೆಯ ಅಲಂಕಾರಕ್ಕೆ ಕೆಂಪು ಬೇಡ ಅಂದಿರುತ್ತಾಳೆ. ಆದರೂ ಅವಳು ನಡೆದು ಬರುವ ದಾರಿಯ ತುಂಬ ಕೆಂಪು ಗುಲಾಬಿಯ ಎಸಳು. ಎಲ್ಲರ ಕಣ್ಣಿಗೆ ಹೂವು, ಅವಳ ಕಣ್ಣಿಗೆ ರಕ್ತ. ಕಾಲು ಮುಂದೆ ಬರುವುದಿಲ್ಲ. ಯಾರಾದರೂ ನನ್ನನ್ನು ಇಲ್ಲಿಂದ ಕರೆದುಕೊಂಡು ಹೋಗಿ ಅಂತ ಒಳಗೇ ಕೂಗುತ್ತಾಳೆ. ಇದನ್ನು ಓಡಿಸಿಕೊಂಡು ಓದಿದರೆ ಮುಂದೆ ರೀಸ್ಯಾಂಡ್‌ನ ಗುಟ್ಟಿನ ನಗರ ವೆಲಾರಿಸ್‌ನಲ್ಲಿ ಅವಳು ಮೊದಲ ಸಲ ನಕ್ಕಾಗ ನಿಮಗೇನೂ ಅನ್ನಿಸುವುದಿಲ್ಲ.

ಟ್ಯಾಮ್ಲಿನ್ ಒಳ್ಳೆಯವನೇ ಇದ್ನಲ್ಲ, ಲೇಖಕಿ ಬೇಕಂತಲೇ ಕೆಟ್ಟವನನ್ನಾಗಿ ಮಾಡಿದ್ರಾ?

ಅರ್ಧ ಹೌದು, ಅರ್ಧ ಇಲ್ಲ. ಮೊದಲ ಭಾಗದಲ್ಲೂ ಅವನು ಕೋಪ ಬಂದರೆ ಉಗುರು ಚಾಚುತ್ತಿದ್ದ. ವಿಷಯ ಮುಚ್ಚಿಡುತ್ತಿದ್ದ. ನೀನು ಮನೆಯಲ್ಲಿ ಸುರಕ್ಷಿತವಾಗಿರು ಅನ್ನುತ್ತಿದ್ದ. ಆಗ ಅದು ಕಾಳಜಿ ಅನ್ನಿಸಿತ್ತು, ಯಾಕೆಂದರೆ ಫೇರಾ ಆಗ ನಿಜಕ್ಕೂ ಬಲವಿಲ್ಲದ ಮನುಷ್ಯಳು. ಈಗ ಅವಳು ಬದಲಾಗಿದ್ದಾಳೆ, ಅವನ ಕಾಳಜಿ ಬದಲಾಗಿಲ್ಲ. ಕೆಲಸ ಕೊಡು ಅಂದರೆ ಬೇಡ ಅನ್ನುತ್ತಾನೆ. ಅವನ ಸಿಟ್ಟಿಗೆ ಇಡೀ ಕೋಣೆ ಸಿಡಿದುಹೋಗುತ್ತದೆ. ಕೊನೆಗೆ ಮನೆಯ ಸುತ್ತ ಮಾಯೆಯ ಗೋಡೆ ಎಬ್ಬಿಸಿ ಅವಳನ್ನು ಒಳಗೆ ಕೂಡಿಹಾಕಿ ಹೊರಟುಬಿಡುತ್ತಾನೆ. ಜೈಲಿನಿಂದ ಬಂದವಳಿಗೆ ಮತ್ತೆ ಜೈಲು. ‘ನಿನ್ನ ಒಳ್ಳೇದಕ್ಕೇ ಹೇಳ್ತಿರೋದು’ ಅನ್ನುವ ಮಾತನ್ನು ಮನೆಯಲ್ಲಿ ಕೇಳಿ ಬೆಳೆದ ಹುಡುಗಿಯರಿಗೆ ಈ ಅಧ್ಯಾಯ ವಿವರಿಸಬೇಕಾಗಿಲ್ಲ.

ಆದರೆ ಒಂದು ತಕರಾರು ನನ್ನದೂ ಇದೆ. ಅವನೂ ಅದೇ ಬೆಟ್ಟದ ಕೆಳಗೆ ನರಳಿದವನು. ಅವನ ಗಾಯಕ್ಕೆ ಕಥೆ ಹೆಚ್ಚು ಜಾಗ ಕೊಡುವುದಿಲ್ಲ. ಕೊನೆಯಲ್ಲಿ ಅವನು ಶತ್ರುರಾಜ್ಯ ಹೈಬರ್ನ್ ಜೊತೆ ಕೈಜೋಡಿಸಿದಾಗಲಂತೂ ಓದುಗರ ಅನುಮಾನಕ್ಕೆ ಜಾಗವೇ ಇಲ್ಲದ ಹಾಗೆ ಬಾಗಿಲು ಹಾಕಿಬಿಡುತ್ತಾರೆ. ಅಷ್ಟು ಬೇಕಿರಲಿಲ್ಲ. ಕೂಡಿಹಾಕಿದ್ದೊಂದೇ ಸಾಕಿತ್ತು.

ರೀಸ್ಯಾಂಡ್ ಮೊದಲ ಭಾಗದಲ್ಲಿ ಅಷ್ಟು ಅಸಹ್ಯವಾಗಿ ನಡ್ಕೊಂಡಿದ್ದ. ಈಗ ಅವನನ್ನ ಇಷ್ಟಪಡ್ಬೇಕು ಅಂದ್ರೆ ಹೇಗೆ?

ತಕ್ಷಣ ಇಷ್ಟಪಡಬೇಕಾಗಿಲ್ಲ. ಫೇರಾಳೇ ಪಡುವುದಿಲ್ಲ, ಚಪ್ಪಲಿ ತೆಗೆದು ಅವನ ತಲೆಗೆ ಎಸೆಯುತ್ತಾಳೆ. ಮುರಿದ ಮೂಳೆ ತಿರುಚಿದ್ದು, ಅಮಲಿನ ವೈನ್ ಕುಡಿಸಿ ಜನರ ಮುಂದೆ ಕುಣಿಸಿದ್ದು ನಡೆದದ್ದೇ. ಎರಡನೇ ಭಾಗ ಅದಕ್ಕೆ ಕಾರಣ ಕೊಡುತ್ತದೆ. ಅಮರಾಂತಾಗೆ ತನ್ನ ಮನಸ್ಸು ತಿಳಿಯಬಾರದು, ಟ್ಯಾಮ್ಲಿನ್‌ಗೆ ರೋಷ ಏರಬೇಕು, ಫೇರಾಗೆ ಆ ರಾತ್ರಿಗಳು ನೆನಪಿರಬಾರದು. ಕಾರಣ ನಂಬುವಂಥದ್ದು. ಆದರೆ ಅದರಿಂದ ಮಾಡಿದ್ದು ಅಳಿಸಿಹೋಗುವುದಿಲ್ಲ ಅನ್ನುವವರ ಜೊತೆ ನಾನೂ ಇದ್ದೇನೆ.

ಅವನು ನನಗೆ ಹಿಡಿಸಿದ್ದು ರೆಕ್ಕೆಯಿಂದಲ್ಲ, ಪಾಠದಿಂದ. ಒಪ್ಪಂದದ ವಾರ ಅವಳನ್ನು ಕರೆದುಕೊಂಡು ಹೋಗಿ ಮೊದಲು ಮಾಡುವ ಕೆಲಸ ಅಕ್ಷರ ಕಲಿಸುವುದು. ಕಾಪಿ ಬರೆಯಲು ಕೊಡುವ ವಾಕ್ಯಗಳೆಲ್ಲ ತನ್ನ ಅಂದಚೆಂದದ ಹೊಗಳಿಕೆ! ಅವಳು ಹಲ್ಲು ಕಡಿಯುತ್ತ ಅದನ್ನೇ ಓದುತ್ತಾಳೆ. ಸಿಟ್ಟಿನಲ್ಲಿ ಓದಿದರೂ ಅಕ್ಷರ ಕೂಡಿಸಿ ಓದುತ್ತಾಳಲ್ಲ, ಅದು ಅವನ ಉಪಾಯ. ಜೊತೆಗೆ ತನ್ನ ಮನಸ್ಸಿಗೆ ಬೇರೆಯವರು ಹೊಗದಂತೆ ಗೋಡೆ ಕಟ್ಟುವುದನ್ನು ಹೇಳಿಕೊಡುತ್ತಾನೆ. ಅಂದರೆ ತನ್ನ ವಿರುದ್ಧ ಬಳಸಬಹುದಾದ ಆಯುಧವನ್ನೇ ಅವಳ ಕೈಗೆ ಕೊಡುತ್ತಾನೆ. ಒಬ್ಬ ಮನೆಗೆ ಬೀಗ ಹಾಕಿದ, ಇನ್ನೊಬ್ಬ ಬೀಗ ಹಾಕುವುದನ್ನು ಕಲಿಸಿದ. ಇಬ್ಬರನ್ನು ಹೋಲಿಸಲು ಇಷ್ಟು ಸಾಕು.

‘ಮೇಟ್’ ಅಂದ್ರೆ ಏನು? ಹೆಂಡತೀನಾ? ಮತ್ತೆ ಆ ಸೂಪಿನ ಗಲಾಟೆ ಏನು?

ಮಾಯಾಲೋಕದವರಲ್ಲಿ ಮದುವೆ ಬೇರೆ, ಮೇಟ್ ಬೇರೆ. ಮದುವೆ ಯಾರನ್ನು ಬೇಕಾದರೂ ಆಗಬಹುದು. ಮೇಟ್ ವಿಧಿ ಗಂಟುಹಾಕಿದ ಜೋಡಿ, ಅಪರೂಪಕ್ಕೆ ಸಿಗುವುದು. ಋಣಾನುಬಂಧ ಅಂದುಕೊಳ್ಳಿ, ಹತ್ತಿರ ಬರುತ್ತದೆ. ಆದರೆ ಆ ಗಂಟನ್ನು ಒಪ್ಪುವುದೂ ಬಿಡುವುದೂ ಹೆಣ್ಣಿನ ಕೈಯಲ್ಲಿದೆ. ಅವಳು ತನ್ನ ಕೈಯಾರೆ ತಿನ್ನಲು ಏನಾದರೂ ಕೊಟ್ಟು ಅವನು ತಿಂದರೆ ಒಪ್ಪಿದ ಹಾಗೆ.

ತಾನು ರೀಸ್‌ನ ಮೇಟ್ ಅನ್ನುವುದು ಫೇರಾಗೆ ಗೊತ್ತಾಗುವುದು ಅವನಿಂದಲ್ಲ, ಕೇಳಿದ್ದಕ್ಕೆ ನಿಜ ಹೇಳುವ ಕಾಡಿನ ಜೀವಿ ಸೂರಿಯಲ್‌ನಿಂದ. ಅವನಿಗೆ ಮೊದಲೇ ಗೊತ್ತಿತ್ತು, ಮುಚ್ಚಿಟ್ಟಿದ್ದ. ಅವಳು ಸಿಡಿದು ಬೆಟ್ಟದ ಮೇಲಿನ ಮನೆಗೆ ಹೋಗಿ ಒಬ್ಬಳೇ ಇರುತ್ತಾಳೆ, ಎಷ್ಟೋ ದಿನದ ಮೇಲೆ ಗೋಡೆಗಳಿಗೆ ಬಣ್ಣ ಹಚ್ಚುತ್ತಾಳೆ. ಅವನು ಬಂದು ತನ್ನ ಕಥೆಯನ್ನೆಲ್ಲ ಹೇಳಿ ಮುಗಿಸಿದ ಮೇಲೆ, ಡಬ್ಬಿಯ ಸೂಪು ಬಿಸಿ ಮಾಡಿ ಬಟ್ಟಲನ್ನು ಅವನ ಮುಂದೆ ಇಡುತ್ತಾಳೆ. ಅಷ್ಟೇ. ಓದುಗರು ಹುಚ್ಚಾಗಿದ್ದು ಅದಕ್ಕೇ. ಐವತ್ನಾಲ್ಕನೇ ಅಧ್ಯಾಯ ಅಂತ ಎಲ್ಲರೂ ಹೇಳುವುದು ಇದನ್ನೇ.

ಯುದ್ಧ, ರಾಣಿಯರು, ಮಂತ್ರದ ಪುಸ್ತಕ ಇವೆಲ್ಲ ಹಾರಿಸಿ ಬರೀ ರೊಮ್ಯಾನ್ಸ್ ಓದಬಹುದಾ?

ರಾಣಿಯರ ಸಭೆಗಳನ್ನು ಮೇಲೆ ಮೇಲೆ ಓದಿದರೆ ನಷ್ಟವಿಲ್ಲ. ನೇಯ್ಗೆಯವಳ ಗುಡಿಸಲನ್ನು ಬಿಡಬೇಡಿ. ಅಲ್ಲಿಂದ ಫೇರಾ ಕದ್ದು ತರುವ ಉಂಗುರ ಯಾರದು, ಯಾಕೆ ಅಲ್ಲಿತ್ತು ಅನ್ನುವುದು ಆಮೇಲೆ ತಿಳಿದಾಗ ಆ ಕಳ್ಳತನವೂ ಪ್ರೇಮಕಥೆಯ ಭಾಗವೇ ಆಗಿಬಿಡುತ್ತದೆ.

## ಮುಗಿಸಿದ ಮೇಲೆ

ಈಗ ಮೊದಲನೇ ಭಾಗ ಮತ್ತೆ ಓದಿದ್ರೆ ಏನಾದ್ರೂ ಹೊಸದು ಸಿಗುತ್ತಾ?

ಈ ಪುಸ್ತಕದ ಅಸಲಿ ಸುಖ ಅಲ್ಲೇ ಇರುವುದು. ಇಡೀ ಪುಸ್ತಕ ಬೇಡ, ಕೆಲವು ಜಾಗ ಸಾಕು.

ಎರಡನೇ ಪರೀಕ್ಷೆಗೆ ಹೋಗಿ. ಮುಳ್ಳಿನ ಕಾದ ಕಬ್ಬಿಣ ಮೇಲಿಂದ ಇಳಿಯುತ್ತಿದೆ. ಗೋಡೆಯ ಮೇಲೆ ಪ್ರಶ್ನೆ ಬರೆದಿದೆ. ಮೂರು ಸನ್ನೆಗೋಲುಗಳಲ್ಲಿ ಸರಿಯಾದ್ದನ್ನು ಎಳೆದರೆ ಬದುಕು. ಫೇರಾಗೆ ಆ ಪ್ರಶ್ನೆಯನ್ನೇ ಓದಲು ಬರುವುದಿಲ್ಲ. ತಪ್ಪು ಸನ್ನೆಗೋಲಿಗೆ ಕೈ ಹೋದಾಗ ಅಂಗೈಯ ಹಚ್ಚೆ ಉರಿಯುತ್ತದೆ. ಅವಳಿಗೆ ಓದು ಬರುವುದಿಲ್ಲ ಅಂತ ರೀಸ್‌ಗೆ ಆ ಕ್ಷಣ ಗೊತ್ತಾಗಿದೆ. ಎರಡನೇ ಭಾಗದ ಅಕ್ಷರದ ಪಾಠ ಅಲ್ಲಿಂದ ಬಂದದ್ದು. ಮೊದಲ ಸಲ ಓದುವಾಗ ಅದು ಬರೀ ಗಂಡಾಂತರದ ದೃಶ್ಯವಾಗಿತ್ತು.

ಆಮೇಲೆ ಕೊನೆಯ ಭಾಗ. ಎಲ್ಲ ಮುಗಿದು ಬಾಲ್ಕನಿಯಲ್ಲಿ ರೀಸ್ ಬೀಳ್ಕೊಳ್ಳುತ್ತಾನೆ. ಇದ್ದಕ್ಕಿದ್ದಂತೆ ಅವನ ಮುಖ ಬಿಳಿಚಿಕೊಳ್ಳುತ್ತದೆ, ಒಂದು ಹೆಜ್ಜೆ ತಡವರಿಸುತ್ತಾನೆ, ಮಾಯವಾಗುತ್ತಾನೆ. ಯಾಕೆ ಅಂತ ಮೊದಲ ಪುಸ್ತಕ ಹೇಳುವುದೇ ಇಲ್ಲ. ಮೇಟ್ ಎಂಬುದು ಅವನಿಗೆ ಖಚಿತವಾದ ಗಳಿಗೆ ಅದು. ಸೂರಿಯಲ್ ಮೊದಲ ಸಲ ಸಿಕ್ಕಾಗ ಕೊಟ್ಟ ಬುದ್ಧಿಮಾತನ್ನೂ ನೋಡಿ. ಹೈ ಲಾರ್ಡ್ ಜೊತೆ ಇರು ಅನ್ನುತ್ತದೆ. ಯಾವ ಹೈ ಲಾರ್ಡ್ ಅಂತ ಹೆಸರು ಹೇಳುವುದಿಲ್ಲ.

ಇದು ಗ್ರೀಕ್ ಕಥೆಯಿಂದ ತಗೊಂಡಿದ್ದು ಅಂತಾರೆ, ನಿಜಾನಾ?

ಮೊದಲ ಭಾಗದ ಬೇರು ‘ಬ್ಯೂಟಿ ಆ್ಯಂಡ್ ದಿ ಬೀಸ್ಟ್’ ಮತ್ತು ಸ್ಕಾಟ್ಲೆಂಡಿನ ‘ಟ್ಯಾಮ್ ಲಿನ್’ ಎಂಬ ಹಳೇ ಕಥನಗೀತೆ. ಆ ಹಾಡಿನಲ್ಲಿ ಹುಡುಗಿ ತನ್ನ ಪ್ರಿಯನನ್ನು ಮಾಯಾರಾಣಿಯ ಕೈಯಿಂದ ಬಿಡಿಸುತ್ತಾಳೆ. ಅವನು ಒಂದಾದ ಮೇಲೊಂದು ಭಯಾನಕ ರೂಪ ತಾಳಿದರೂ ಹಿಡಿದ ಕೈ ಬಿಡುವುದಿಲ್ಲ. ಎರಡನೇ ಭಾಗದಲ್ಲಿ ಹೇಡೀಸ್ ಮತ್ತು ಪರ್ಸೆಫನಿ ಕಾಣುತ್ತಾರೆ: ಕತ್ತಲ ಲೋಕದ ದೊರೆ, ವಸಂತದ ಕಡೆಯ ಹುಡುಗಿ, ಕಾಲಕಾಲಕ್ಕೆ ಅವನ ಲೋಕಕ್ಕೆ ಹೋಗಿಬರುವ ಕರಾರು. ಅಲ್ಲಿ ದಾಳಿಂಬೆ ತಿಂದವಳು ಅವಳು. ಇಲ್ಲಿ ತಿನ್ನುವವನು ಅವನು, ಬಡಿಸುವವಳು ಅವಳು. ಮಾಸ್ ಅವರ ಜಾಣತನ ಈ ಬದಲಾವಣೆಯಲ್ಲಿದೆ.

ನಮ್ಮ ಕಡೆಯ ಹಾವಿನ ಗಂಡನ ಜನಪದ ಕಥೆಗಳನ್ನು ಕೇಳಿದವರಿಗೆ ಇದೇನೂ ಪರಕೀಯ ಅನ್ನಿಸುವುದಿಲ್ಲ. ಬಾಗಿಲಿಗೆ ಬೀಗ ಜಡಿದು ಹೋಗುವ ಗಂಡ, ರಾತ್ರಿ ಬರುವ ಇನ್ನೊಬ್ಬ, ಯಾರು ಮನುಷ್ಯ ಯಾರು ಮೃಗ ಅನ್ನುವ ಗೊಂದಲ ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಅಂದಹಾಗೆ, ಭೂಪಟದಲ್ಲಿ ಪ್ರಿಥಿಯನ್ ಥೇಟ್ ಬ್ರಿಟನ್ ಥರ ಇದೆ. ಪಶ್ಚಿಮದ ಹೈಬರ್ನ್ ಯಾವ ದ್ವೀಪ ಅಂತ ನೀವೇ ಊಹಿಸಿ.

ನೀವು ಇಷ್ಟು ಹೊಗಳ್ತೀರಿ. ಇದರಲ್ಲಿ ಹುಳುಕೇ ಇಲ್ವಾ?

ಬೇಕಾದಷ್ಟಿದೆ. ಎಲ್ಲರೂ ಸುಂದರರು, ಎಲ್ಲರಿಗೂ ಐನೂರು ವರ್ಷ, ಆದರೂ ಮಾತು ಇಪ್ಪತ್ತರ ಹುಡುಗರ ಥರ. ಗುರುಗುಟ್ಟುವುದು, ಹುಬ್ಬು ಏರಿಸುವುದು ಎಣಿಸಲಾರದಷ್ಟು ಸಲ. ವೆಲಾರಿಸ್ ಐದು ಸಾವಿರ ವರ್ಷ ಯಾರಿಗೂ ಕಾಣದೆ ಉಳಿಯಿತು ಅನ್ನುವುದನ್ನು ಕಣ್ಣುಮುಚ್ಚಿ ಒಪ್ಪಬೇಕು. ಅದೇ ಹೊತ್ತಿಗೆ ರೀಸ್‌ನದೇ ರಾಜ್ಯದ ಇನ್ನೊಂದು ಊರಿನಲ್ಲಿ ಹೆಣ್ಣುಮಕ್ಕಳು ನರಳುತ್ತಿದ್ದಾರೆ, ಅದನ್ನು ಸರಿಪಡಿಸಲು ಅವನು ಅವಸರ ಮಾಡುವುದಿಲ್ಲ. ಪುಸ್ತಕವೂ ಅವನನ್ನು ಗಟ್ಟಿಯಾಗಿ ಕೇಳುವುದಿಲ್ಲ. ಇಲ್ಲಿ ನನಗೆ ಕಿರಿಕಿರಿಯಾಗುತ್ತದೆ.

ಕೊನೆ ಓದಿ ತಲೆ ಕೆಟ್ಟಿದೆ. ಫೇರಾ ನಿಜವಾಗಿ ವಾಪಸ್ ಹೋದ್ಲಾ? ಮುಂದೆ ಯಾವುದು ಓದ್ಲಿ?

ನಾಟಕ ಆಡುತ್ತಿದ್ದಾಳೆ. ಕೊನೆಯ ಹತ್ತಿರ ಒಂದು ಅಧ್ಯಾಯ ಮಾತ್ರ ರೀಸ್‌ನ ಬಾಯಲ್ಲಿ ಬರುತ್ತದಲ್ಲ, ಅದನ್ನು ಮತ್ತೆ ಓದಿ. ಹಿಂದಿನ ರಾತ್ರಿಯೇ ಗುಟ್ಟಾಗಿ ಪ್ರಮಾಣ ಮಾಡಿ ಅವಳು ರಾತ್ರಿಯ ರಾಜ್ಯದ ಹೈ ಲೇಡಿ ಆಗಿದ್ದಾಳೆ. ರೀಸ್‌ನ ಹೆಂಡತಿಯಾಗಿ ಅಷ್ಟೇ ಅಲ್ಲ, ಸರಿಸಮಳಾಗಿ. ಟ್ಯಾಮ್ಲಿನ್ ಮನೆಗೆ ಹೋಗಿರುವುದು ಗೂಢಚಾರಿಣಿ.

ಮುಂದಿನದು 2017ರ ‘ಎ ಕೋರ್ಟ್ ಆಫ್ ವಿಂಗ್ಸ್ ಆ್ಯಂಡ್ ರೂಯಿನ್’. ತಡಮಾಡದೆ ಶುರು ಮಾಡಬಹುದು, ಮೊದಲ ಅಧ್ಯಾಯಗಳಲ್ಲಿ ಅವಳು ಆ ಮನೆಯನ್ನು ಒಳಗಿನಿಂದ ಕೆಡಹುವುದು ನೋಡುವಂತಿದೆ. 2018ರ ‘ಫ್ರಾಸ್ಟ್ ಆ್ಯಂಡ್ ಸ್ಟಾರ್‌ಲೈಟ್’ ಚಿಕ್ಕದು, ಹಬ್ಬದ ರಜೆಯ ಓದು. 2021ರ ‘ಸಿಲ್ವರ್ ಫ್ಲೇಮ್ಸ್’ ಅಕ್ಕ ನೆಸ್ಟಾಳದು. ಅವಳನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ ಅನ್ನುವವರು ಅದನ್ನು ಖಂಡಿತ ಓದಿ. ‘ಕ್ರೆಸೆಂಟ್ ಸಿಟಿ’ ಬೇರೆ ಸರಣಿ. ಇದರ ಜೊತೆ ನಂಟಿದೆ, ಆದರೆ ಇವನ್ನೆಲ್ಲ ಮುಗಿಸಿಯೇ ಅದಕ್ಕೆ ಕೈಹಾಕಿ.